ಔಷಧಿ ತಗೋತೀರಾ ಅಂತ ಕೇಳಿದರೆ ಸಾಲದು

ಬೆಂಗಳೂರಿನ ಒಂದು ಆಸ್ಪತ್ರೆಯ ಜೀರ್ಣಾಂಗ ವಿಭಾಗದಲ್ಲಿ ನಾನು ಟೆಕ್ನೀಷಿಯನ್. ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿವೆಯಾ, ಕರುಳಿನಲ್ಲಿ ಮೀಥೇನ್ ಅನಿಲ ಜಾಸ್ತಿ ಇದೆಯಾ ಅಂತ ನೋಡುವ ಉಸಿರಿನ ಟೆಸ್ಟ್ ಮಾಡುವುದು ನನ್ನ ಕೆಲಸ. ಹೊಸದಾಗಿ ಸೇರುವವರಿಗೆ ಮೆಷಿನ್ ನಡೆಸುವುದನ್ನು ಬೇಗ ಕಲಿಸಬಹುದು. ರೋಗಿಯ ಜೊತೆ ಕೂತು ಮಾತಾಡುವುದನ್ನು ಕಲಿಸೋಕೆ ಜಾಸ್ತಿ ಸಮಯ ಬೇಕು. ಬರುವ ಸಂಖ್ಯೆಯನ್ನು ನಂಬಬಹುದಾ ಇಲ್ಲವಾ ಅನ್ನುವುದು ಮಾತ್ರ ಆ ಮಾತಿನಲ್ಲೇ ತಿಳಿಯುತ್ತದೆ.

ಟೆಸ್ಟ್ ನೋಡೋಕೆ ತುಂಬಾ ಸರಳ. ಮೊದಲು ಖಾಲಿ ಹೊಟ್ಟೆಯಲ್ಲಿ ಒಂದು ಸಲ ಊದಿಸುತ್ತೇವೆ. ಆಮೇಲೆ 10 ಗ್ರಾಂ ಲ್ಯಾಕ್ಟುಲೋಸ್ (ಸಣ್ಣಕರುಳು ಹೀರಿಕೊಳ್ಳದ ಒಂದು ಸಕ್ಕರೆ) ಅಥವಾ 75 ಗ್ರಾಂ ಗ್ಲೂಕೋಸ್ ನೀರಿನ ಜೊತೆ ಕೊಡುತ್ತೇವೆ. ಕುಡಿದ ಮೇಲೆ 15–20 ನಿಮಿಷಕ್ಕೊಮ್ಮೆ ಮತ್ತೆ ಊದಬೇಕು. ಹೀಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ನಮಗೆ ಬೇಕಾಗಿದ್ದು ಉಸಿರಿನ ಕೊನೆಯ ಪಾಲು, ಶ್ವಾಸಕೋಶದ ಆಳದಿಂದ ಬರುವ ಗಾಳಿ. ಬಾಯಿ, ಗಂಟಲಿನಲ್ಲಿ ನಿಂತ ಗಾಳಿ ಊದಿದರೆ ಸಂಖ್ಯೆ ಸುಳ್ಳಾಗುತ್ತದೆ. ಅದಕ್ಕೇ "ಜೋರಾಗಿ ಬೇಡ, ನಿಧಾನಕ್ಕೆ ಪೂರ್ತಿ ಬಿಡಿ" ಅಂತ ಪ್ರತಿ ಸಲವೂ ಪಕ್ಕದಲ್ಲೇ ನಿಂತು ಹೇಳುತ್ತೇನೆ.

ಉಸಿರಿನಲ್ಲಿ ನಾವು ಹುಡುಕುವುದು ಹೈಡ್ರೋಜನ್ ಮತ್ತು ಮೀಥೇನ್. ಕರುಳಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿದಾಗ ಹೈಡ್ರೋಜನ್ ಹುಟ್ಟುತ್ತದೆ. ಮೀಥೇನ್ ಮಾಡುವ ಜೀವಿಗಳು ಬೇರೆ. ಅವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅನ್ನುವ ಇನ್ನೊಂದು ಗುಂಪು. ನಮ್ಮ ಕರುಳಿನಲ್ಲಿ ಮುಖ್ಯವಾಗಿ ಇರುವುದು ಮೀಥನೋಬ್ರೆವಿಬ್ಯಾಕ್ಟರ್ ಸ್ಮಿಥಿ. ಊರ ಕಡೆಯಿಂದ ಬಂದವರಿಗೆ "ನಿಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲಿ ಉರಿಯುವ ಗ್ಯಾಸೇ ಇದು, ಅದನ್ನು ಮಾಡುವುದೂ ಇದೇ ಗುಂಪಿನ ಜೀವಿಗಳು" ಅಂದರೆ ತಕ್ಷಣ ಅರ್ಥವಾಗುತ್ತದೆ. ಎಷ್ಟೋ ಜನ ಹೊಟ್ಟೆಯ ಗ್ಯಾಸ್‌ನ ವಾಸನೆಗೆ ಮೀಥೇನೇ ಕಾರಣ ಅಂದುಕೊಂಡಿರುತ್ತಾರೆ. ಮೀಥೇನ್‌ಗೆ ವಾಸನೆಯೇ ಇಲ್ಲ. ವಾಸನೆ ಬರುವುದು ಗಂಧಕ ಇರುವ ಅನಿಲಗಳಿಂದ.

ಈ ಆರ್ಕಿಯಾಗಳ ಆಹಾರ ಹೈಡ್ರೋಜನ್. ನಾಲ್ಕು ಹೈಡ್ರೋಜನ್ ಅಣು ತಿಂದರೆ ಒಂದು ಮೀಥೇನ್ ಅಣು ಹೊರಗೆ ಬರುತ್ತದೆ. ಹಾಗಾಗಿ ಮೀಥೇನ್ ಜಾಸ್ತಿ ಇರುವವರ ಉಸಿರಿನಲ್ಲಿ ಹೈಡ್ರೋಜನ್ ಕಡಿಮೆಯೇ ಕಾಣಬಹುದು. ಬರೀ ಹೈಡ್ರೋಜನ್ ಅಳೆಯುವ ಮೆಷಿನ್‌ನಲ್ಲಿ ಇಂಥವರ ಗೆರೆ ನೆಲಕ್ಕೆ ಅಂಟಿಕೊಂಡೇ ಇರಬಹುದು. ಹೊಟ್ಟೆ ಉಬ್ಬರ, ವಾರಕ್ಕೆ ಎರಡು ಸಲವೂ ಸರಿಯಾಗಿ ಮೋಷನ್ ಆಗದ ಕಷ್ಟ, ಕೈಯಲ್ಲಿ ಮಾತ್ರ "ನಾರ್ಮಲ್" ಅಂತ ಬರೆದ ರಿಪೋರ್ಟ್. ಹೀಗೆ ಬಂದ ಒಬ್ಬ ಮಹಿಳೆ "ಮನೆಯಲ್ಲಿ ಎಲ್ಲರೂ ಇದು ನನ್ನ ಮನಸ್ಸಿನ ಕಲ್ಪನೆ ಅಂತಾರೆ" ಅಂದರು. ಅವರ ಹಳೇ ರಿಪೋರ್ಟಿನಲ್ಲಿ ಮೀಥೇನ್ ಕಾಲಮ್ಮೇ ಇರಲಿಲ್ಲ. ನಮ್ಮಲ್ಲಿ ಏನೂ ಕುಡಿಯುವ ಮುಂಚೆ, ಮೊದಲ ಉಸಿರಿನಲ್ಲೇ ಮೀಥೇನ್ ಗಡಿ ದಾಟಿತ್ತು. ರಿಪೋರ್ಟ್ ಕೈಗೆ ಬಂದರೆ ಮೊದಲು ಎರಡೂ ಅನಿಲ ಅಳೆದಿದ್ದಾರಾ ನೋಡಿ.

ಆ ಗಡಿ ಯಾವುದು ಅಂತ 2017ರಲ್ಲಿ ಉತ್ತರ ಅಮೆರಿಕದ ತಜ್ಞರು ಸೇರಿ ಹೇಳಿದರು. ಪಾಸಿಟಿವ್ ಅನ್ನೋಕೆ ಹೈಡ್ರೋಜನ್ ಆದರೆ 90 ನಿಮಿಷದೊಳಗೆ ಮೊದಲಿಗಿಂತ 20 ಪಿಪಿಎಂ ಏರಬೇಕು. ಮೀಥೇನ್ ಆದರೆ ಯಾವ ಹೊತ್ತಿನಲ್ಲಾದರೂ 10 ಪಿಪಿಎಂ ಮುಟ್ಟಿದರೆ ಸಾಕು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಹಿಂದಿನ ರಾತ್ರಿಯ ಒಂದು ಬಟ್ಟಲು ಅವರೆಕಾಳು ಸಾರು ಏರುಪೇರು ಮಾಡಬಲ್ಲದು.

ಮಾತಾಡಿಸುವುದು ಮುಖ್ಯವಾಗುವುದು ಇಲ್ಲೇ. "ಉಪವಾಸ ಇದ್ದೀರಾ?" ಅಂದರೆ ಎಲ್ಲರೂ ಹೌದು ಅಂತಾರೆ. "ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ, ಏನು ಊಟ ಮಾಡಿದಿರಿ?" ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ. ಹಿಂದಿನ ದಿನ ಬಿಳಿ ಅನ್ನದಂಥ ಸಾದಾ ಊಟ ಸಾಕು. ಮಾಂಸ ತಿನ್ನುವವರಿಗೆ ಮೊಟ್ಟೆ, ಮೀನು ಆಗುತ್ತದೆ. ಬೇಳೆ, ಕಾಳು, ಮುದ್ದೆ, ಈರುಳ್ಳಿ, ಹಾಲು, ಹಣ್ಣು ಬೇಡ. "ಬೆಳಿಗ್ಗೆ ಏನಾದರೂ ತಿಂದಿರಾ?" ಅಂದರೆ ಇಲ್ಲ. "ಬಾಯಿಗೆ ಏನಾದರೂ ಹಾಕಿಕೊಂಡಿರಾ?" ಅಂದರೆ "ಒಂಚೂರು ಅಡಿಕೆ" ಅನ್ನುವವರಿದ್ದಾರೆ. ಬೀಡಿ, ಸಿಗರೇಟಿನ ಬಗ್ಗೆ ಮನೆಯವರ ಎದುರು ಕೇಳಬಾರದು. ಟೆಸ್ಟ್ ದಿನ ಸೇದಿದರೆ ಉಸಿರಿನ ಹೈಡ್ರೋಜನ್ ಏರುತ್ತದೆ. ಅದಕ್ಕೇ ಒಬ್ಬರನ್ನೇ ಒಳಗೆ ಕರೆದು ಮೆಲ್ಲಗೆ ಕೇಳುತ್ತೇನೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಔಷಧಿಯದ್ದು. ಮೀಥೇನ್ ಟೆಸ್ಟ್‌ಗೆ ಬರುವವರಲ್ಲಿ ಮಲಬದ್ಧತೆ ಇರುವವರೇ ಜಾಸ್ತಿ. ಮೋಷನ್ ಆಗಲಿ ಅಂತ ಏನಾದರೊಂದು ತಗೊಳ್ಳುತ್ತಲೇ ಇರುತ್ತಾರೆ. ಮೊನ್ನೆ ಒಬ್ಬ ಹಿರಿಯರ ಜೊತೆ ಆದ ಮಾತು ಹೀಗಿತ್ತು.

"ಯಾವುದಾದರೂ ಔಷಧಿ ತಗೋತೀರಾ?"

"ಇಲ್ಲಮ್ಮ, ಏನೂ ಇಲ್ಲ."

"ರಾತ್ರಿ ಮಲಗುವಾಗ ಪುಡಿಗಿಡಿ?"

"ತ್ರಿಫಲಾ ಚೂರ್ಣ. ದಿನಾ ಒಂದು ಚಮಚ, ಬಿಸಿನೀರಲ್ಲಿ."

"ನಿನ್ನೆ ತಗೊಂಡಿರಾ?"

"ಅದು ಔಷಧಿ ಅಲ್ಲವಲ್ಲ. ಮನೆಯಲ್ಲೇ ಇರುತ್ತೆ."

ಅವರು ಏನನ್ನೂ ಮುಚ್ಚಿಡಲಿಲ್ಲ. ಡಬ್ಬಿಯಲ್ಲಿರುವ ಚೂರ್ಣ, ಇಸಬ್‌ಗೋಲ್, ಹರಳೆಣ್ಣೆ ಅವರ ಲೆಕ್ಕದಲ್ಲಿ ಅಡುಗೆಮನೆಯ ಸಾಮಾನು. ಆದರೆ ಭೇದಿ ಮಾಡಿಸುವ ಯಾವುದನ್ನೇ ಆಗಲಿ ಟೆಸ್ಟ್‌ಗೆ ಒಂದು ವಾರ ಮುಂಚೆ, ಆಂಟಿಬಯಾಟಿಕ್ ಆದರೆ ನಾಲ್ಕು ವಾರ ಮುಂಚೆ ನಿಲ್ಲಿಸಿರಬೇಕು. ಅದೂ ಡಾಕ್ಟರನ್ನು ಕೇಳಿಯೇ. ಅವರಿಗೆ ಬೇರೆ ದಿನ ಕೊಟ್ಟೆವು. ಈಗ ನಮ್ಮ ಸೂಚನೆಯ ಹಾಳೆಯಲ್ಲಿ "ಔಷಧಿಗಳು" ಅನ್ನುವ ಸಾಲಿನ ಕೆಳಗೆ ಚೂರ್ಣ, ಇಸಬ್‌ಗೋಲ್, ಕಷಾಯ, ಅರಿಷ್ಟ ಅಂತ ಹೆಸರು ಹಿಡಿದೇ ಬರೆದಿದ್ದೇವೆ. ಶುಗರ್ ಇದ್ದರೆ ಮೊದಲೇ ಹೇಳಿ ಅನ್ನುವ ಸಾಲೂ ಇದೆ. 75 ಗ್ರಾಂ ಗ್ಲೂಕೋಸ್ ಕಡಿಮೆಯೇನಲ್ಲ.

ಮೀಥೇನ್ ಪಾಸಿಟಿವ್ ಬಂದವರು ಹೊರಗೆ ಹೋಗುವ ಮುಂಚೆ "ಇದೇ ಕಾಯಿಲೆನಾ?" ಅಂತ ಕೇಳುತ್ತಾರೆ. ಉತ್ತರ ಕೊಡಬೇಕಾದವರು ಡಾಕ್ಟರು. ಆದರೂ ಅವರನ್ನು ಹೆದರಿಸಿ ಕಳಿಸಬಾರದು, ಅಲ್ವಾ? ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರ ಉಸಿರಿನಲ್ಲೂ ಮೀಥೇನ್ ಇರುತ್ತದೆ. ಅದು ಕರುಳನ್ನು ನಿಧಾನ ಮಾಡುತ್ತದೆ ಅನ್ನುವುದಕ್ಕೆ ಆಧಾರವೂ ಇದೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಯಿಗಳ ಸಣ್ಣಕರುಳಿಗೆ ಮೀಥೇನ್ ಬಿಟ್ಟಾಗ ಒಳಗಿನದು ಮುಂದೆ ಸಾಗುವುದು ನಿಧಾನವಾಗಿತ್ತು. ರಿಫಾಕ್ಸಿಮಿನ್, ನಿಯೋಮೈಸಿನ್ ಅನ್ನುವ ಎರಡು ಆಂಟಿಬಯಾಟಿಕ್‌ಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದುಕೊಳ್ಳುವ ಔಷಧಿಗಳಲ್ಲ ಅವು. ನಿಯೋಮೈಸಿನ್‌ನಿಂದ ಕಿವಿಗೂ ಕಿಡ್ನಿಗೂ ಅಪಾಯವಾಗಬಹುದು.

ಟೆಸ್ಟ್‌ಗೂ ಮಿತಿ ಇದೆ. ಗ್ಲೂಕೋಸ್ ಸಣ್ಣಕರುಳಿನ ಮೊದಲ ಭಾಗದಲ್ಲೇ ಹೀರಿಹೋಗುವುದರಿಂದ ಅದರಾಚೆ ಬೆಳೆದ ಬ್ಯಾಕ್ಟೀರಿಯಾ ಕಣ್ಣು ತಪ್ಪಿಹೋಗಬಹುದು. ಲ್ಯಾಕ್ಟುಲೋಸ್ ಕೆಲವರಲ್ಲಿ ಬೇಗ ದೊಡ್ಡಕರುಳು ಮುಟ್ಟಿ, ಸಣ್ಣಕರುಳಿನಲ್ಲಿ ತೊಂದರೆ ಇಲ್ಲದಿದ್ದರೂ ಹೈಡ್ರೋಜನ್ ಏರಿಸಿಬಿಡುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವಕ್ಕೆಲ್ಲ ಉಸಿರಿನ ಟೆಸ್ಟ್ ಉತ್ತರ ಕೊಡುವುದಿಲ್ಲ. ಮಾತಾಡುವಾಗ ಇಂಥದ್ದೇನಾದರೂ ಕಿವಿಗೆ ಬಿದ್ದರೆ ಊದಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ ಬರುತ್ತೇನೆ.