ಡಬಲ್ ಡ್ರೈವರ್ ಗಾಡಿಯ ಎರಡನೆಯ ರಾತ್ರಿ

ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬೆಂಗಳೂರಿನಿಂದ ದೆಹಲಿಗೆ ಸುಮಾರು 2,150 ಕಿಲೋಮೀಟರ್ ದಾರಿ. ಒಬ್ಬನೇ ಚಾಲಕನಿರುವ ಲಾರಿ ಈ ದಾರಿಯನ್ನು ನಾಲ್ಕೈದು ದಿನಗಳಲ್ಲಿ ಮುಗಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಸರಕಿನ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನ ನಿಯಮವೂ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ 11 ದಿನಗಳ ಅವಧಿಯನ್ನು ಕೊಡುತ್ತದೆ. ಆದರೆ ಎಕ್ಸ್‌ಪ್ರೆಸ್ ಪಾರ್ಸೆಲ್ ತುಂಬಿದ 32 ಅಡಿಯ ಕಂಟೇನರಿಗೆ ಸಿಗುವುದು ಅರವತ್ತು ಗಂಟೆಗಿಂತ ಕಡಿಮೆ. ಲಾರಿಗಳ ವೇಗಕ್ಕೆ ಗಂಟೆಗೆ 80 ಕಿಲೋಮೀಟರಿನ ಕಡಿವಾಣವಿದೆ. ಟೋಲು, ಘಾಟಿ, ಊರೊಳಗಿನ ದಟ್ಟಣೆ ಎಲ್ಲ ಸೇರಿದರೆ ಸರಾಸರಿ ನಲವತ್ತು ನಲವತ್ತೈದು ದಾಟುವುದು ಕಷ್ಟ. ಹಾಗಾಗಿ ಹೇಳಿದ ಹೊತ್ತಿಗೆ ತಲುಪಬೇಕೆಂದರೆ ಗಾಡಿ ನಿಲ್ಲಲೇಬಾರದು, ಗಾಡಿ ನಿಲ್ಲಬಾರದೆಂದರೆ ಇಬ್ಬರು ಚಾಲಕರು ಬೇಕು. ನಮ್ಮವರು ಅದನ್ನು ಡಬಲ್ ಡ್ರೈವರ್ ಗಾಡಿ ಎನ್ನುತ್ತಾರೆ.

ಇಂಥ ಗಾಡಿ ಹತ್ತುವ ಮೊದಲು ನಾನು ಹಲವು ವರ್ಷ ಒಬ್ಬನೇ ಲಾರಿ ಓಡಿಸಿದವನು. ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿಸಿಕೊಂಡು ಚಿತ್ರದುರ್ಗ, ತುಮಕೂರು, ಹೊಸೂರು, ಧರ್ಮಪುರಿಯ ಮೇಲೆ ನಾಮಕ್ಕಲ್‌ನ ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗುವುದು ಆಗಿನ ನನ್ನ ಮುಖ್ಯ ಬಾಡಿಗೆಯಾಗಿತ್ತು. ಆ ಕೆಲಸ ಸುಲಭವಾಗಿತ್ತೆಂದು ಹೇಳಲಾರೆ. ಕ್ಲೀನರ್‌ಗಳು ಸಿಗುವುದು ಆ ಹೊತ್ತಿಗಾಗಲೇ ಅಪರೂಪವಾಗಿತ್ತು. ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು, ಪಂಕ್ಚರ್ ಆದರೆ ಸ್ಟೆಪ್ನಿ ಇಳಿಸುವುದು ಎಲ್ಲವೂ ಒಬ್ಬನದೇ ಹೊಣೆ. ಇಕ್ಕಟ್ಟಾದ ಗೋದಾಮಿನೊಳಗೆ ಹಿಂದಕ್ಕೆ ತೆಗೆಯುವಾಗ ನೋಡಿ ಹೇಳುವವರಿರಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ಸಾಲು ನಿಂತರೆ ಒಂದೊಂದು ಲಾರಿಯ ಉದ್ದದಷ್ಟು ಮುಂದೆ ಸರಿಯುತ್ತಾ ಇಡೀ ದಿನ ಕಳೆಯಬೇಕಿತ್ತು. ಊಟಕ್ಕೆಂದು ಇಳಿದು ಹೋದರೆ ಸಾಲು ತಪ್ಪುತ್ತಿತ್ತು. ರಾತ್ರಿ ಮಲಗಿದರೂ ಡೀಸೆಲ್ ಟ್ಯಾಂಕಿನ ಕಡೆಗೆ ಒಂದು ಕಿವಿ ಎಚ್ಚರವಾಗಿರುತ್ತಿತ್ತು. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿ ಗಾಡಿಯನ್ನು ಹಿಡಿದು ಇಳಿಸುವಾಗ, ಹಿಂದಿನಿಂದ ಬರುವವರ ಬ್ರೇಕು ಕೈಕೊಟ್ಟರೆ ಗತಿಯೇನು ಎಂಬ ಯೋಚನೆಯನ್ನು ಹಂಚಿಕೊಳ್ಳಲೂ ಪಕ್ಕದಲ್ಲಿ ಜೀವವಿರಲಿಲ್ಲ.

ಇಷ್ಟಾದರೂ ಆ ಕೆಲಸದಲ್ಲಿ ಒಂದು ಅಧಿಕಾರ ನನ್ನ ಕೈಯಲ್ಲಿತ್ತು. ಕಣ್ಣು ಭಾರವಾದರೆ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗಾಡಿ ಹಾಕಿ, ಕೀಲಿ ಜೇಬಿಗೆ ಇಳಿಸಿ, ಎರಡು ಗಂಟೆ ಮಲಗುತ್ತಿದ್ದೆ. ತಡವಾದರೆ ಮಾಲೀಕರು ಬೈಯುತ್ತಿದ್ದರು. ಬೈಗುಳ ಕೇಳಿಸಿಕೊಂಡರೆ ಮುಗಿಯಿತು. ನಿಂತ ಲಾರಿಯಲ್ಲಿ ಮಲಗಿದ ಎರಡು ಗಂಟೆ ಎಷ್ಟು ದೊಡ್ಡದೆಂಬುದು ನನಗೆ ಗೊತ್ತಾದದ್ದು ಡಬಲ್ ಡ್ರೈವರ್ ಗಾಡಿ ಹತ್ತಿದ ಮೇಲೆ.

ಒಂದು ಕಾಲಕ್ಕೆ ಇಬ್ಬರು ಚಾಲಕರು ಎಂಬುದು ವೇಗಕ್ಕಾಗಿ ಹುಟ್ಟಿದ ಏರ್ಪಾಡಾಗಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ನ್ಯಾಷನಲ್ ಪರ್ಮಿಟ್ ಇರುವ ದೊಡ್ಡ ಲಾರಿಗಳಿಗೆ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಆಸನದ ಹಿಂದೆ ಗಾಡಿಯ ಪೂರ್ತಿ ಅಗಲಕ್ಕೆ ಒಂದು ಆಸನವಿರಬೇಕು, ಇನ್ನೊಬ್ಬ ಚಾಲಕ ಅದರ ಮೇಲೆ ಕಾಲು ಚಾಚಿ ಮಲಗುವಂತಿರಬೇಕು ಎಂದು ಬರೆದಿತ್ತು. ಈಚಿನ ವರ್ಷಗಳಲ್ಲಿ ಇಬ್ಬರು ಚಾಲಕರ ಕಡ್ಡಾಯವನ್ನು ತೆಗೆದುಹಾಕಿದರು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ಅಂತೂ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಮತ್ತು ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಎನ್ನುತ್ತಿತ್ತು. ವಿಶ್ರಾಂತಿಗಾಗಿ ಕೊಟ್ಟ ಎರಡನೆಯ ಚಾಲಕನನ್ನು ವಿಶ್ರಾಂತಿಯೇ ಇಲ್ಲದ ಓಟಕ್ಕೆ ಬಳಸಿಕೊಳ್ಳುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಹೇಗೆ ಮೂಡಿತೆಂದು ಹೇಳುವುದಕ್ಕೆ ಒಂದು ಪ್ರಯಾಣವನ್ನು ವಿವರಿಸಬೇಕು.

ಆ ಸಲ ನನ್ನ ಜೊತೆಗೆ ಬಂದವನು ಹಾವೇರಿ ಕಡೆಯ ಹುಡುಗ. ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವನು, ಕೈ ಚೊಕ್ಕಟವಾಗಿತ್ತು, ಮಾತು ಕಡಿಮೆ. ರಾತ್ರಿ ಒಂಬತ್ತರ ಹೊತ್ತಿಗೆ ನೆಲಮಂಗಲ ಬಿಟ್ಟೆವು. ಆರು ಗಂಟೆಗೊಮ್ಮೆ ಸ್ಟೇರಿಂಗ್ ಬದಲಾಯಿಸುವುದೆಂದು ಮಾತಾಯಿತು. ಬಾಗೇಪಲ್ಲಿ, ಅನಂತಪುರ, ಕರ್ನೂಲು ದಾಟಿ ಬೆಳಗಿನ ಹೊತ್ತಿಗೆ ಹೈದರಾಬಾದಿನ ಹೊರವರ್ತುಲ ರಸ್ತೆ ಸಿಕ್ಕಿತು. ಮೊದಲ ಹಗಲು, ಮೊದಲ ರಾತ್ರಿ ಯಾವ ತೊಂದರೆಯೂ ಇರುವುದಿಲ್ಲ. ಮೈಯಲ್ಲಿ ಮನೆಯ ನಿದ್ದೆ ಉಳಿದಿರುತ್ತದೆ.

ಸ್ಟೇರಿಂಗ್ ಬದಲಾಯಿಸುವ ಹೊತ್ತಿನಲ್ಲಿ ನೋಡಬೇಕಾದ ಸಣ್ಣ ಸಂಗತಿಗಳು ಬಹಳ. ಅವನು ಎತ್ತರ, ನಾನು ಗಿಡ್ಡ. ಸೀಟು, ಎರಡೂ ಬದಿಯ ಕನ್ನಡಿ ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಹೊಂದಿಸಿಕೊಳ್ಳಬೇಕು. ಎಡಗಡೆಯ ಹಿಂದಿನ ಟೈರು ಬಿಸಿಯಾಗುತ್ತಿದೆಯೇ, ಬ್ರೇಕಿನ ಗಾಳಿ ಸರಿಯಾಗಿ ಏರುತ್ತಿದೆಯೇ, ಹೊಗೆ ಶುದ್ಧವಾಗಲು ಹಾಕುವ ಯೂರಿಯಾ ದ್ರವ ಎಷ್ಟಿದೆ, ಫಾಸ್ಟ್ಯಾಗಿನಲ್ಲಿ ಹಣ ಉಳಿದಿದೆಯೇ ಎಂಬುದನ್ನು ಇಳಿಯುವವನು ಹತ್ತುವವನಿಗೆ ಹೇಳಬೇಕು. ನಿದ್ದೆಯಿಂದ ಎದ್ದ ತಕ್ಷಣ ಸ್ಟೇರಿಂಗ್ ಹಿಡಿಯಬಾರದು. ಮುಖ ತೊಳೆದು, ಚಹಾ ಕುಡಿದು, ಹದಿನೈದು ಇಪ್ಪತ್ತು ನಿಮಿಷ ಓಡಾಡಿದ ಮೇಲೆಯೇ ತಲೆ ಹಗುರಾಗುವುದು. ಆ ಇಪ್ಪತ್ತು ನಿಮಿಷ ಯಾವ ಕಂಪನಿಯ ವೇಳಾಪಟ್ಟಿಯಲ್ಲಿಯೂ ಇರುವುದಿಲ್ಲ. ಇನ್ನು ಡೀಸೆಲಿನ ಲೆಕ್ಕ ಬೇರೆ. ಮೈಲೇಜ್ ಚೆನ್ನಾಗಿ ಬಂದರೆ ಸಿಗುವ ಹೆಚ್ಚಿನ ಹಣ ಇಬ್ಬರಿಗೂ ಸೇರಿದ್ದು. ಒಬ್ಬನ ಕಾಲು ಆಕ್ಸಿಲರೇಟರಿನ ಮೇಲೆ ಭಾರವಾಗಿದ್ದರೆ ಇನ್ನೊಬ್ಬನ ಪಾಲೂ ಹೋಗುತ್ತದೆ. ಟೈರಿನ ಪಕ್ಕ ಕಿತ್ತರೆ, ಕ್ಯಾಮೆರಾದ ಚಲನ್ ಬಂದರೆ ಅದು ಯಾರ ಸರದಿಯಲ್ಲಿ ಆದದ್ದೆಂಬ ಜಗಳದಲ್ಲಿ ಎಷ್ಟೋ ಜೋಡಿಗಳು ಮುರಿದಿದ್ದನ್ನು ಕಂಡಿದ್ದೇನೆ. ಒಬ್ಬನೇ ಓಡಿಸುವಾಗ ಲಾಭವೂ ನನ್ನದು, ನಷ್ಟವೂ ನನ್ನದು. ಯಾರ ಮೇಲೂ ಅನುಮಾನ ಪಡುವ ಅಗತ್ಯವಿರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಓಡುವ ಗಾಡಿಯಲ್ಲಿ ಮಲಗುವುದು. ಚಾಲಕನ ಹಿಂದಿನ ಬರ್ತಿನಲ್ಲಿ ಮೈ ಚಾಚಿದರೆ ತಗ್ಗಿನಲ್ಲಿ ಚಕ್ರ ಇಳಿದಾಗಲೆಲ್ಲ ಮೊರದಲ್ಲಿ ಕೇರುವ ಕಾಳಿನಂತೆ ದೇಹ ಎದ್ದು ಬೀಳುತ್ತದೆ. ಬ್ರೇಕು ಹಾಕಿದರೆ ಮುಂದಕ್ಕೆ ಜಾರುತ್ತೇವೆ. ಟೋಲು ಬಂದಾಗ, ಉಬ್ಬು ಬಂದಾಗ, ಎದುರಿನವನು ಹಾರ್ನ್ ಹೊಡೆದಾಗ ಅರೆ ಎಚ್ಚರವಾಗುತ್ತದೆ. ಇದೆಲ್ಲವನ್ನೂ ಮೈ ಸಹಿಸಿಕೊಳ್ಳಬಹುದು. ಆದರೆ ಚಾಲಕನಾದವನು ಇನ್ನೊಬ್ಬ ಓಡಿಸುವಾಗ ಕಣ್ಣು ಮುಚ್ಚಿಕೊಂಡೂ ತಾನೇ ಓಡಿಸುತ್ತಿರುತ್ತಾನೆ. ಯಾವ ತಿರುವಿಗೆ ಯಾವ ಗೇರು ಬೀಳಬೇಕೆಂದು ಕಾಲು ತಾನಾಗಿ ಕ್ಲಚ್ಚಿಗೆ ತಡಕಾಡುತ್ತದೆ. ಮುಂದೆ ಕುಳಿತವನ ಕೈಯನ್ನು ಮನಸ್ಸು ಪೂರ್ತಿ ಒಪ್ಪಿಕೊಳ್ಳುವವರೆಗೆ ಬರ್ತಿನಲ್ಲಿ ಕಳೆದ ಆರು ಗಂಟೆಯಲ್ಲಿ ಎರಡು ಗಂಟೆಯ ನಿದ್ದೆಯೂ ಕೂಡುವುದಿಲ್ಲ.

ಎರಡನೆಯ ರಾತ್ರಿ ನಾಗಪುರದಲ್ಲಿ ಊಟ ಮಾಡಿ ಅವನು ಸ್ಟೇರಿಂಗ್ ಹಿಡಿದ. ಪೆಂಚ್ ಕಾಡಿನ ನಡುವೆ ಪ್ರಾಣಿಗಳ ಓಡಾಟಕ್ಕೆಂದು ಎತ್ತರಿಸಿದ ರಸ್ತೆಯ ಮೇಲೆ ಗಾಡಿ ಸದ್ದಿಲ್ಲದೆ ಸಾಗುತ್ತಿದ್ದುದು ನೆನಪಿದೆ. ಆಮೇಲೆ ಸಿವನಿ ದಾಟಿದ್ದು ಗೊತ್ತಾಗಲಿಲ್ಲ. ಲಖನಾದೌನ್ ದಾಟಿ ನರಸಿಂಗ್‌ಪುರದ ಕಡೆಗೆ ಹೋಗುವಾಗ, ರಾತ್ರಿ ಎರಡು ದಾಟಿರಬೇಕು, ಇಂಜಿನ್ನಿನ ಸದ್ದು ನನ್ನನ್ನು ಎಬ್ಬಿಸಿತು. ಸಮತಟ್ಟಾದ ನೇರ ರಸ್ತೆ. ಅಲ್ಲಿ ಆಕ್ಸಿಲರೇಟರ್ ಒಂದೇ ಸಮನಾಗಿರಬೇಕು. ಆದರೆ ಸದ್ದು ಮೆಲ್ಲಗೆ ಇಳಿಯುತ್ತಿತ್ತು, ಇಳಿದು ಇಳಿದು ಒಮ್ಮೆಲೇ ಗಕ್ಕನೆ ಏರುತ್ತಿತ್ತು. ತುಸು ಹೊತ್ತಿಗೆ ಮತ್ತೆ ಹಾಗೆಯೇ. ತೂಕಡಿಸುವವನ ಕಾಲು ಮೊದಲು ಸಡಿಲವಾಗುತ್ತದೆ, ಬೆಚ್ಚಿ ಎಚ್ಚರವಾದಾಗ ಅದೇ ಕಾಲು ಜೋರಾಗಿ ಒತ್ತುತ್ತದೆ. ಒಬ್ಬನೇ ಓಡಿಸಿದ ವರ್ಷಗಳಲ್ಲಿ ಇದೇ ಸದ್ದನ್ನು ನನ್ನ ಗಾಡಿಯಲ್ಲಿಯೇ ಕೇಳಿ ನಾನು ಬಂಕುಗಳನ್ನು ಹುಡುಕುತ್ತಿದ್ದೆ. ಎದ್ದು ಅವನ ಹೆಗಲ ಮೇಲೆ ಕೈಯಿಟ್ಟೆ.

"ತಮ್ಮಾ, ಸೈಡಿಗೆ ಹಾಕು. ನಾನು ತಗೋತೀನಿ."

"ಇಲ್ರಿ ಅಣ್ಣಾ, ನಂದಿನ್ನೂ ಒಂದು ತಾಸು ಐತಿ. ನೀವು ಮಲ್ಕೋರಿ."

"ತಾಸಿನ ಲೆಕ್ಕ ಆಮೇಲೆ ಮಾಡೋಣ. ಮುಂದೆ ಬಂಕ್ ಐತೆ ನೋಡು, ಒಳಗೆ ತಗೋ."

ಗಾಡಿ ನಿಂತ ಮೇಲೆಯೂ ಅವನು ಸ್ವಲ್ಪ ಹೊತ್ತು ಇಳಿಯಲಿಲ್ಲ. ನೀರಿನ ಬಾಟಲಿ ಕೊಟ್ಟಾಗ, ನಾಗಪುರ ಬಿಟ್ಟ ಎರಡು ಗಂಟೆಯಲ್ಲಿಯೇ ಕಣ್ಣು ಎಳೆಯಲು ಶುರುವಾಗಿತ್ತೆಂದೂ ಎಬ್ಬಿಸಿದರೆ ನಾನು ಏನಂದುಕೊಳ್ಳುತ್ತೇನೋ ಎಂದು ಸುಮ್ಮನಿದ್ದನೆಂದೂ ಹೇಳಿದ. ಹಿಂದಿನ ಜೋಡಿಯಲ್ಲಿದ್ದ ಹಿರಿಯ ಚಾಲಕ, ಹಾಗೆ ಎಬ್ಬಿಸಿದ್ದಕ್ಕೆ, ಹೊಡೆಯಲಾಗದವನು ಯಾಕೆ ಬಂದೆ ಎಂದು ಬೈದಿದ್ದನಂತೆ. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಹಿರಿಯನ ಮೇಲೆ ಬಂತು. ತೂಕಡಿಕೆ ಬಂದಿದೆಯೆಂದು ಒಬ್ಬನಿಗೆ ಇನ್ನೊಬ್ಬ ಹೇಳಲಾರದ ಗಾಡಿಯಲ್ಲಿ ಇಬ್ಬರಿದ್ದರೂ ಒಬ್ಬನೇ ಇದ್ದ ಲೆಕ್ಕ. ನಿಜ ಹೇಳಬೇಕೆಂದರೆ ಅದಕ್ಕಿಂತ ಕೆಟ್ಟದ್ದು. ಒಬ್ಬನೇ ಇದ್ದಿದ್ದರೆ ಅವನು ಯಾರ ಮುಖವನ್ನೂ ನೋಡದೆ ಗಾಡಿ ನಿಲ್ಲಿಸಿ ಮಲಗುತ್ತಿದ್ದ.

ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಎರಡು ದಶಕಗಳ ಹಿಂದೆ ಅಲ್ಲಿನ ಲಾರಿಗಳಲ್ಲಿ ಕ್ಯಾಮೆರಾ ಇಟ್ಟು ಇದೇ ವಿಷಯವನ್ನು ಅಧ್ಯಯನ ಮಾಡಿದ್ದಾರೆಂದು ಆಮೇಲೆ ಓದಿ ತಿಳಿದುಕೊಂಡೆ. ಓಡುವ ಗಾಡಿಯಲ್ಲಿ ಮಲಗುವ ಜೋಡಿ ಚಾಲಕರ ನಿದ್ದೆ ಹೆಚ್ಚು ಕೆಡುತ್ತದೆ. ಆದರೂ ತೀವ್ರ ಆಯಾಸದಿಂದಾಗುವ ಅಪಾಯದ ಪ್ರಸಂಗಗಳು ಒಬ್ಬನೇ ಓಡಿಸುವವರಲ್ಲಿಯೇ ಹೆಚ್ಚು ಕಂಡವು. ಜೋಡಿಯಲ್ಲಿರುವವರು ದಣಿವು ಮಿತಿ ಮೀರುವ ಮೊದಲೇ ಇನ್ನೊಬ್ಬರಿಗೆ ಗಾಡಿ ಬಿಟ್ಟುಕೊಡುತ್ತಿದ್ದರು. ನಾನು ಕಂಡದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಇಬ್ಬರಿರುವುದರ ಪ್ರಯೋಜನ "ನೀನು ತಗೋ" ಎಂಬ ಆ ಮಾತಿನಲ್ಲಿದೆ. ಅದನ್ನು ಆಡಲು ನಾಚಿಕೆಯಾಗುವ ಹಾಗೆ ಮಾಡಿದರೆ ಉಳಿಯುವುದು ಕೆಟ್ಟ ನಿದ್ದೆ ಮಾತ್ರ.

ಆ ರಾತ್ರಿ ನಾನೇ ಸ್ಟೇರಿಂಗ್ ಹಿಡಿದು ಹೊರಡಬಹುದಿತ್ತು. ಆದರೆ ಆಗಷ್ಟೇ ಎದ್ದವನಿಗೆ, ಅದೂ ಎರಡನೆಯ ರಾತ್ರಿ ಎರಡರಿಂದ ಐದರ ನಡುವಿನ ಹೊತ್ತಿನಲ್ಲಿ, ನನ್ನ ಕಣ್ಣಿನ ಮೇಲೆ ನನಗೆ ಭರವಸೆಯಿರಲಿಲ್ಲ. ಇಂಜಿನ್ ಬಂದ್ ಮಾಡಿ ಅವನಿಗೆ ಬರ್ತು ಬಿಟ್ಟುಕೊಟ್ಟು ನಾನು ಮುಂದಿನ ಸೀಟಿನಲ್ಲಿ ಒರಗಿದೆ. ಇಪ್ಪತ್ತು ನಿಮಿಷವಾಗಿತ್ತೋ ಇಲ್ಲವೋ, ಪಾರ್ಸೆಲ್ ಕಂಪನಿಯ ಕಂಟ್ರೋಲ್ ರೂಮಿನಿಂದ ಫೋನು ಬಂತು. ಜಿಪಿಎಸ್‌ನಲ್ಲಿ ಗಾಡಿ ನಿಂತಿರುವುದನ್ನು ಅವರು ನೋಡುತ್ತಿರುತ್ತಾರೆ. ಗಾಡಿ ಯಾಕೆ ನಿಂತಿದೆ, ಕೆಟ್ಟಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಗಾಡಿ ಚೆನ್ನಾಗಿದೆ, ಇಬ್ಬರಿಗೂ ನಿದ್ದೆ ಬೇಕಾಗಿದೆ ಎಂದೆ. ಇಬ್ಬರು ಚಾಲಕರನ್ನು ಕೊಟ್ಟಿರುವಾಗ ಗಾಡಿ ನಿಲ್ಲಬಾರದೆಂದು ಆ ಕಡೆಯವರು ಹೇಳಿದರು. ಅವರೂ ರಾತ್ರಿ ಪಾಳಿಯಲ್ಲಿ ಪರದೆ ನೋಡುತ್ತಾ ಕುಳಿತ ನೌಕರರು. ಅವರ ಜೊತೆ ವಾದ ಬೆಳೆಸಲಿಲ್ಲ. ಐದು ಗಂಟೆಗೆ ಹೊರಡುತ್ತೇವೆಂದು ತಿಳಿಸಿ ಫೋನ್ ಇಟ್ಟೆ. ಆಮೇಲೆ ಮಲಗಿದ್ದು ಎರಡು ಗಂಟೆಯಿದ್ದೀತು. ಹುಡುಗ ಗೊರಕೆ ಹೊಡೆಯುತ್ತಿದ್ದ. ನೆಲಮಂಗಲ ಬಿಟ್ಟ ಮೇಲೆ ಅವನಿಗೆ ಹತ್ತಿದ ಮೊದಲ ಗಾಢ ನಿದ್ದೆ ಅದೇ.

ಬೆಳಿಗ್ಗೆ ಬರ್ಮಾನ್ ಬಳಿ ನರ್ಮದೆಯ ಸೇತುವೆ ದಾಟಿದಾಗ ಮೈ ಎಷ್ಟೋ ಹಗುರಾಗಿತ್ತು. ಸಾಗರ, ಲಲಿತಪುರ, ಝಾನ್ಸಿ, ಗ್ವಾಲಿಯರ್, ಆಗ್ರಾ. ಪಲ್ವಲ್‌ನಿಂದ ಕೆಎಂಪಿ (ಕುಂಡ್ಲಿ-ಮಾನೇಸರ್-ಪಲ್ವಲ್) ಎಕ್ಸ್‌ಪ್ರೆಸ್‌ವೇ ಹಿಡಿದು, ದೆಹಲಿ ನಗರದೊಳಗೆ ಹೋಗದೆ ಮಾನೇಸರ್ ಕಡೆಯ ಗೋದಾಮು ತಲುಪಿದೆವು. ಹೇಳಿದ ಹೊತ್ತಿಗಿಂತ ಎರಡೂವರೆ ಗಂಟೆ ತಡವಾಗಿತ್ತು. ಗೋದಾಮಿನ ಬಾಗಿಲಲ್ಲಿ ನಮ್ಮ ಮುಂದೆ ಸಾಲು ಇತ್ತು. ಸರಕು ಇಳಿಸಲು ನಮ್ಮ ಸರದಿ ಬಂದದ್ದು ಅದರ ದುಪ್ಪಟ್ಟು ಹೊತ್ತು ಕಾದ ಮೇಲೆ. ಆದರೂ ತಡದ ಕಡಿತವನ್ನು ಮಾಲೀಕರ ಬಾಡಿಗೆಯಲ್ಲಿ ಹಿಡಿದರು, ಮಾಲೀಕರು ನಮ್ಮ ಭತ್ಯೆಯಲ್ಲಿ ಸ್ವಲ್ಪ ಹಿಡಿದರು.

ಮರಳುವಾಗ ಸಿಕ್ಕ ಲೋಡು ಎಕ್ಸ್‌ಪ್ರೆಸ್ ಆಗಿರಲಿಲ್ಲ. ಹೊರಡುವ ಮೊದಲೇ ನಾವಿಬ್ಬರೂ ಎರಡು ಮಾತು ಮಾಡಿಕೊಂಡೆವು. ಎರಡನೆಯ ರಾತ್ರಿ ಎರಡರಿಂದ ಐದರವರೆಗೆ ಗಾಡಿ ನಿಲ್ಲಬೇಕು, ಇಬ್ಬರೂ ಮಲಗಬೇಕು. ಉಳಿದ ಹೊತ್ತಿನಲ್ಲಿ ಸರದಿ ಎಷ್ಟೇ ಬಾಕಿಯಿರಲಿ, ಕಣ್ಣು ಎಳೆದರೆ ಕೇಳದೆ ಎಬ್ಬಿಸಬೇಕು. ಎದ್ದವನು ಕಾರಣ ಕೇಳಕೂಡದು. ಆ ಪ್ರಯಾಣದಲ್ಲಿ ಹುಡುಗ ಕರ್ನೂಲಿನ ಹತ್ತಿರ ನನ್ನನ್ನು ಒಂದು ಸಲ ಎಬ್ಬಿಸಿದ, ಆದಿಲಾಬಾದಿನ ಬಳಿ ನಾನು ಅವನನ್ನು ಎಬ್ಬಿಸಿದೆ. ಊರಿಗೆ ಬಂದ ಮೇಲೆ ಮಾಲೀಕರ ಮುಂದೆ ಲೆಕ್ಕ ಇಟ್ಟೆ: 58 ಗಂಟೆಯ ಓಟಕ್ಕೆ ಮೂರು ಗಂಟೆಯ ನಿಲುಗಡೆ ಸೇರಿಸಿ 61 ಎಂದು ಬರೆಸಿಕೊಂಡರೆ ಕಡಿತವೂ ಇರುವುದಿಲ್ಲ, ಕಂಟ್ರೋಲ್ ರೂಮಿನ ಫೋನೂ ಇರುವುದಿಲ್ಲ. ಬೇರೆ ಲೋಡುಗಳಿಗೆ ಅವರು ಒಪ್ಪಿದರು. ಎಕ್ಸ್‌ಪ್ರೆಸ್ ಲೋಡಿಗೆ ಪಾರ್ಸೆಲ್ ಕಂಪನಿ ಒಪ್ಪಬೇಕೆನ್ನುತ್ತಾರೆ, ಕಂಪನಿಯವರು ಇನ್ನೂ ಒಪ್ಪಿಲ್ಲ. ಅದು ಒಪ್ಪಿಗೆಯಾಗುವ ತನಕ ಆ ದಾರಿಯಲ್ಲಿ ನಾನು ಮತ್ತು ಆ ಹುಡುಗ ನರಸಿಂಗ್‌ಪುರದ ಆಚೀಚೆ ಯಾವುದಾದರೊಂದು ಬಂಕಿನಲ್ಲಿ ಗಾಡಿ ಹಾಕಿಯೇ ಹಾಕುತ್ತೇವೆ, ಫೋನು ಬಂದಾಗ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತೇವೆ.