ಉಡಿದಾರ ಸಮ ಇದೆಯಾ?

"ಸ್ವಾಮಿ, ನಿಮ್ದು ಎಡಗಡೆ ಹಿಮ್ಮಡಿ ಮಾತ್ರ ತಿಂದುಹೋಗಿದೆ. ಬಲಗಾಲು ಮನೇಲಿ ಬಿಟ್ಟು ಬರ್ತೀರಾ?" ಅಂತ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಣ್ಣ ಕೇಳಿದ್ದ. ಆರು ವರ್ಷದ ಹಿಂದಿನ ಮಾತು. ಆಗಲೇ ಎಕ್ಸ್‌ರೇ ತೆಗೆಸಬೇಕಿತ್ತು. ನಾನು ಹೊಸ ಅಟ್ಟೆ ಹಾಕಿಸಿಕೊಂಡು ಬಂದೆ.

ಕೋಲಾರದಲ್ಲಿ ನನ್ನದು ಗೊಬ್ಬರ, ಬೀಜದ ಅಂಗಡಿ. ಟೊಮೆಟೊ ಬೆಳೆಯುವವರೇ ಜಾಸ್ತಿ ಬರುತ್ತಾರೆ. ದಿನವಿಡೀ ನಿಂತೇ ಕೆಲಸ. ಬಲ ತೊಡೆಸಂದಿನಲ್ಲಿ ನೋವು ಶುರುವಾದಾಗ ಒಬ್ಬರು ಗ್ಯಾಸ್ ಅಂದರು, ಒಬ್ಬರು ನರ ಹಿಡಿದಿದೆ ಅಂದರು. ಎಣ್ಣೆ ತಿಕ್ಕಿಸಿಕೊಂಡೆ. ಕೊನೆಗೆ ಕಾಲುಗುರು ಕತ್ತರಿಸಲು ಬಗ್ಗೋಕೂ ಆಗಲಿಲ್ಲ. ಹೆಂಡತಿ ಬೆಂಗಳೂರಿಗೆ ಎಳೆದುಕೊಂಡು ಹೋದಳು. ಬಲ ಸೊಂಟದ ಕೀಲಿನ ಮೆತ್ತೆ ಸವೆದು ಮೂಳೆಗೆ ಮೂಳೆ ಉಜ್ಜುತ್ತಿತ್ತು. ನನಗಾಗ 46.

ಪೂರ್ತಿ ಕೀಲು ಬದಲಿಸುವುದರಲ್ಲಿ ತೊಡೆಮೂಳೆಯ ಗುಂಡನ್ನೇ ಕತ್ತರಿಸಿ, ಮೂಳೆಯೊಳಗೆ ಉದ್ದನೆ ಕಡ್ಡಿ ಇಳಿಸುತ್ತಾರೆ. ನನಗೆ ಮಾಡಿದ್ದು ರಿಸರ್ಫೇಸಿಂಗ್, ಅದರಲ್ಲಿ ಗುಂಡು ಉಳಿಯುತ್ತದೆ. ಮೇಲ್ಮೈ ಕೆರೆದು, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹದ ಟೋಪಿ ಕೂರಿಸುತ್ತಾರೆ. ಆ ಗುಂಡು ಕೂರುವ ಬಟ್ಟಲೂ ಲೋಹದ್ದೇ, ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತದ್ದು. ಲೋಹಕ್ಕೆ ಲೋಹ ಉಜ್ಜುವುದರಿಂದ ಆಗಾಗ ರಕ್ತದಲ್ಲಿ ಇವೆರಡನ್ನೂ ಅಳೆಸಬೇಕು. ಎಲ್ಲರಿಗೂ ಇದು ಆಗಿಬರುವುದಿಲ್ಲ. ಮೂಳೆ ಗಟ್ಟಿ ಇರಬೇಕು, ಗುಂಡು ದೊಡ್ಡದಿರಬೇಕು. ಹಾಗಾಗಿ ವಯಸ್ಸು ಕಡಿಮೆ ಇರುವ ಗಂಡಸರಿಗೇ ಹೆಚ್ಚಾಗಿ ಮಾಡುತ್ತಾರೆ. ನನ್ನ ತಂಗಿಯ ಮಗ ಟೆನಿಸ್ ಹುಚ್ಚ. "ಮಾವ, ಆ್ಯಂಡಿ ಮರ್ರೆ 2019ರ ಜನವರಿಯಲ್ಲಿ ಇದೇ ಆಪರೇಷನ್ ಮಾಡಿಸ್ಕೊಂಡು ಅಕ್ಟೋಬರ್‌ನಲ್ಲಿ ಆ್ಯಂಟ್ವರ್ಪ್‌ನಲ್ಲಿ ಕಪ್ ಗೆದ್ದ" ಅಂದ. ನನಗೆ ಕಪ್ ಬೇಡ, ಕಾಲುಗುರು ಕತ್ತರಿಸೋಕಾದರೆ ಸಾಕು ಅಂದೆ.

ಕಳೆದ ವರ್ಷ ಜನವರಿಯಲ್ಲಿ ಆಯಿತು. ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಹೊಲಿಗೆ ಉರಿಯುತ್ತಿತ್ತು, ಆದರೆ ಆ ಹಳೇ ನೋವು, ಒಳಗಿನಿಂದ ಕೊರೆಯುತ್ತಿತ್ತಲ್ಲ, ಅದು ಇರಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಮೊದಲ ಆರು ವಾರದ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಕಾಲುಗಳ ನಡುವೆ ದಿಂಬು, ಎತ್ತರದ ಕುರ್ಚಿ, ಕಮೋಡು. ನೆಲದ ಮೇಲೆ ಕೂರುವ ಹಾಗಿಲ್ಲ, ಚಕ್ಕಂಬಕ್ಕಳ ಹಾಕುವ ಹಾಗಿಲ್ಲ. ನಾನು ಕುರ್ಚಿಯಲ್ಲಿ, ಅಮ್ಮ ಕೆಳಗೆ ಕೂತು ಊಟ. ಅವಳಿಗದು ಇವತ್ತಿಗೂ ಸರಿಬಂದಿಲ್ಲ.

ಊರುಗೋಲು ಎಡಗೈಯಲ್ಲಿ ಹಿಡಿಯಬೇಕಿತ್ತು, ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿ. ಬೀದಿಯಲ್ಲಿ ಕಂಡವರೆಲ್ಲ "ಅಯ್ಯೋ, ಬಲಗೈಯಲ್ಲಿ ಹಿಡ್ಕೊಳ್ಳಿ" ಅನ್ನುತ್ತಿದ್ದರು. ಕ್ಲಾಕ್ ಟವರ್ ತನಕ ಹೋಗಿಬರುವಷ್ಟರಲ್ಲಿ ನಾಲ್ಕು ಜನಕ್ಕೆ ಪಾಠ ಮಾಡಬೇಕಿತ್ತು.

ವಿಷಯ ಏನಂದರೆ, ನೋವು ಹೋಯಿತು, ಕುಂಟು ಹೋಗಲಿಲ್ಲ. ಎರಡು ತಿಂಗಳಾದರೂ ಹಾಗೇ ವಾಲಾಡಿಕೊಂಡು ನಡೆಯುತ್ತಿದ್ದೆ. ಆಪರೇಷನ್ ಕೆಟ್ಟಿತು ಅಂತಲೇ ಅಂದುಕೊಂಡೆ. ಫಿಸಿಯೊಥೆರಪಿ ಮಾಡುವ ಹುಡುಗಿ, ನನ್ನ ಮಗಳ ವಯಸ್ಸು, ಅಂಗಿ ಎತ್ತಿಸಿ ಕನ್ನಡಿ ಮುಂದೆ ನಿಲ್ಲಿಸಿದಳು.

"ಬಲಗಾಲಿನ ಮೇಲೆ ಒಂದೇ ಕಾಲಲ್ಲಿ ನಿಲ್ಲಿ ಅಂಕಲ್. ಉಡಿದಾರ ನೋಡಿ. ಸಮ ಇದೆಯಾ?"

ಇರಲಿಲ್ಲ. ಉಡಿದಾರದ ಎಡಭಾಗ ಕೆಳಗಿಳಿದಿತ್ತು, ಮೈ ಬಲಕ್ಕೆ ವಾಲಿತ್ತು, ಒಂದು ತಟ್ಟೆಗೆ ಭಾರ ಜಾಸ್ತಿ ಹಾಕಿದ ತಕ್ಕಡಿ ಥರ. ಸೊಂಟದ ಪಕ್ಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಅನ್ನುವ ಸ್ನಾಯು ಇದೆಯಂತೆ. ಒಂದು ಕಾಲ ಮೇಲೆ ನಿಂತಾಗ ಸೊಂಟವನ್ನು ಸಮವಾಗಿ ಹಿಡಿಯುವುದು ಅದರ ಕೆಲಸ. ನಡೆಯುವುದು ಅಂದರೆ ಪ್ರತಿ ಹೆಜ್ಜೆಗೂ ಒಂದು ಕ್ಷಣ ಒಂಟಿ ಕಾಲಲ್ಲಿ ನಿಲ್ಲುವುದೇ ತಾನೇ? ವರ್ಷಗಟ್ಟಲೆ ನೋವಿಗೆ ಹೆದರಿ ಬಲಗಾಲಿಗೆ ಭಾರ ಕೊಡದೆ ಅದನ್ನು ಸಾಯಿಸಿದ್ದೆ. ಡಾಕ್ಟರು ಕೀಲು ಸರಿ ಮಾಡಿದ್ದರು. ಕುಂಟು ಅಭ್ಯಾಸದಲ್ಲಿತ್ತು, ಅದಕ್ಕೆ ಅವರ ಹತ್ತಿರ ಟೋಪಿ ಇರಲಿಲ್ಲ.

ಅವಳು ಕೊಟ್ಟ ವ್ಯಾಯಾಮ ನೋಡಿದರೆ ನಗು ಬರುತ್ತದೆ. ಎಡಮಗ್ಗುಲಾಗಿ ಮಲಗಬೇಕು. ಬೆನ್ನು ಗೋಡೆ ಕಡೆ. ಬಲ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಗೋಡೆ ಸವರುತ್ತಾ ಕಾಲು ಮೇಲೆತ್ತಬೇಕು, ನಿಧಾನಕ್ಕೆ ಇಳಿಸಬೇಕು. ಅಷ್ಟೇ. ಮೊದಲ ದಿನ ನಾಲ್ಕು ಸಲಕ್ಕೇ ತೊಡೆ ನಡುಗಿತು. 45 ಕೆಜಿ ಯೂರಿಯಾ ಮೂಟೆ ಹೊರುತ್ತಿದ್ದವನು ನಾನು! ಗೋಡೆ ಯಾಕೆ ಅಂದರೆ, ಅದಿಲ್ಲದಿದ್ದರೆ ಕಾಲು ತಾನಾಗಿ ಮುಂದಕ್ಕೆ ಜಾರುತ್ತದೆ, ಬೇರೆ ಸ್ನಾಯು ಕೆಲಸ ಕದಿಯುತ್ತದೆ. ಮೋಸ ಮಾಡಿ ಐವತ್ತು ಎತ್ತುವುದಕ್ಕಿಂತ ನೆಟ್ಟಗೆ ಎಂಟು ಎತ್ತಿ ಅಂದಳು. ಆಮೇಲೆ ಅಂಗಡಿಯಲ್ಲೂ ಶುರು ಮಾಡಿದೆ. ಬಿಲ್ ಬರೆಯುವಾಗ ಬಲಗಾಲಲ್ಲಿ ನಿಂತು ಮೂವತ್ತು ಎಣಿಸುವುದು. ಮಾಲೂರಿನ ಕಡೆಯ ರೈತರೊಬ್ಬರು ನೋಡಿ "ಏನಣ್ಣಾ, ಹರಕೆಯಾ?" ಅಂದರು.

ಮೂಟೆ ಅಂದೆನಲ್ಲ, ಅಲ್ಲೊಂದು ತಪ್ಪು ಮಾಡಿದೆ. ಎರಡೂವರೆ ತಿಂಗಳಿಗೆ, ಹುಡುಗ ಬಂದಿರಲಿಲ್ಲ, ಗಿರಾಕಿ ಕಾಯುತ್ತಿದ್ದ. ಸುಮ್ನೆ ಒಂದು ಮೂಟೆ ಎತ್ತಿಟ್ಟೆ. ರಾತ್ರಿ ತೊಡೆಸಂದು ಹಿಡಿದುಕೊಂಡಿತು. ಮಾರನೇ ದಿನ ಬೆಂಗಳೂರು, ಎಕ್ಸ್‌ರೇ. ಏನೂ ಆಗಿರಲಿಲ್ಲ, ಆದರೆ ಡಾಕ್ಟರು ಚೆನ್ನಾಗಿ ಬೈದರು. ಟೋಪಿಯ ಕೆಳಗೆ ಇರುವುದು ನನ್ನದೇ ಮೂಳೆ. ಮೊದಲ ಕೆಲವು ತಿಂಗಳು ಆ ಮೂಳೆಯ ಕತ್ತು ಮುರಿಯುವ ಅಪಾಯ ಇರುತ್ತದೆ. ಪೂರ್ತಿ ಬದಲಿಸಿದವರಿಗೆ ಆ ಕತ್ತೇ ಇರುವುದಿಲ್ಲ, ಹಾಗಾಗಿ ಆ ಭಯವೂ ಇಲ್ಲ. ಒಂದು ವರ್ಷ ಮೂಟೆ ಇಲ್ಲ, ಓಟ ಇಲ್ಲ ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಹೆಂಡತಿ ಆ ಚೀಟಿಯನ್ನು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿದಳು.

ಜೂನ್‌ನಲ್ಲಿ ಊರ ಪಕ್ಕದ ಅಂತರಗಂಗೆ ಬೆಟ್ಟಕ್ಕೆ ಹೋದೆ. ಚಿಕ್ಕಂದಿನಲ್ಲಿ ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲು. ಅರ್ಧಕ್ಕೇ ಕೂತೆ. ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ. ಕೆಳಗಿನ ಮೆಟ್ಟಿಲಿಗೆ ಎಡಗಾಲು ಇಡುವಾಗ ಇಡೀ ಮೈ ಬಲ ಸೊಂಟದ ಮೇಲೆ ನಿಧಾನಕ್ಕೆ ಇಳಿಯಬೇಕು, ಅದು ತಡೆಯದೆ ದೊಪ್ಪಂತ ಬೀಳುತ್ತಿತ್ತು. ಬಲಗಾಲು ಮೊದಲು ಇಳಿಸಿಕೊಂಡು, ಒಂದೊಂದೇ ಮೆಟ್ಟಿಲು, ಮಗು ಥರ ಬಂದೆ. ಮನೆಯಲ್ಲಿ ಬಾಗಿಲ ಮೆಟ್ಟಿಲ ಮೇಲೆ ಇಳಿಯುವುದನ್ನೇ ದಿನಾ ಮಾಡಿದೆ, ಉಡಿದಾರ ನೋಡಿಕೊಂಡು.

ಸೆಪ್ಟೆಂಬರ್‌ನಲ್ಲಿ ಊರುಗೋಲು ಮನೆಯಲ್ಲೇ ಬಿಟ್ಟು ಮತ್ತೆ ಹೋದೆ. ಮೂರು ಕಡೆ ನಿಂತು, ಮೇಲೆ ತಲುಪಿದೆ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿತ್ತು. ಕೈಯೊಡ್ಡಿ ಕುಡಿದೆ. ಕಾಶಿ ವಿಶ್ವೇಶ್ವರನಿಗೆ ಕೈಮುಗಿದು ಹೊರಗೆ ಬಂದಾಗ ನೆನಪಾಯಿತು, ಜೂನ್‌ನಲ್ಲಿ ಕೋಲು ನೋಡಿ ಕೋತಿಗಳು ದೂರ ಇದ್ದವು. ಈಗ ಕೈ ಖಾಲಿ. ಒಂದು ಗಡವ ಬಂದು ಹಣ್ಣುಕಾಯಿ ಚೀಲ ಕಿತ್ತುಕೊಂಡು ಹೊರಟಿತು. ಆ ಚೀಲದಲ್ಲಿ ಸ್ಕೂಟರ್ ಕೀ ಇತ್ತು. "ಏಯ್!" ಅಂತ ಹಿಂದೆ ಬಿದ್ದೆ. ಬಾಳೆಹಣ್ಣು ಅದಕ್ಕೆ, ಕೀ ನನಗೆ.

ಕೀ ಎತ್ತಿಕೊಂಡ ಮೇಲೆ ಗೊತ್ತಾಯಿತು, ಹತ್ತು ಹೆಜ್ಜೆ ಓಡಿದ್ದೆ. ಡಾಕ್ಟರಿಗೆ ಇನ್ನೂ ಹೇಳಿಲ್ಲ.