ಎಂಎಸ್‌ಡಬ್ಲ್ಯು: ಹಳೇ ಸ್ಕೀಮ್ ಬಿಟ್ಟು ಹೊಸದಕ್ಕೆ ಯಾಕೆ ಹೋದೆ

2023ರಲ್ಲಿ ಎಂಎಸ್‌ಡಬ್ಲ್ಯುಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸಿಗೆ ಸೇರಿದೆ. ಮೊದಲ ವರ್ಷ ಮುಗಿಸಿ ಹರಿಹರದ ಕಡೆ ಒಂದು ಕಾರ್ಖಾನೆಯ ಎಚ್‌ಆರ್ ಆಫೀಸಿಗೆ ಹೋದೆ. ಹಾಜರಿ, ಪಿಎಫ್, ಇಎಸ್‌ಐ ಕಾಗದ ನೋಡುವ ಕೆಲಸ. ಮನೆಗೆ ದುಡ್ಡು ಬೇಕಿತ್ತು, ಅಷ್ಟೇ. ಈಗ ಮತ್ತೆ ಮೂರನೇ ಸೆಮಿಸ್ಟರ್‌ಗೆ ಸೇರೋಣ ಅಂತ ದಾವಣಗೆರೆಗೆ ಬಂದರೆ ರೆಗ್ಯುಲೇಷನ್ನೇ, ಅಂದರೆ ಕೋರ್ಸಿನ ನಿಯಮ, ಸಿಲಬಸ್ ಎಲ್ಲ ಬದಲಾಗಿ ಹೊಸ ಸ್ಕೀಮ್ ಬಂದಿತ್ತು.

ನನ್ನ ಮುಂದೆ ಎರಡು ದಾರಿ ಇದ್ದವು. ಹಳೇ ಸ್ಕೀಮ್‌ನ ಕೊನೆಯ ಬ್ಯಾಚ್ ಆಗ ಎರಡನೇ ವರ್ಷಕ್ಕೆ ಬಂದಿತ್ತು, ಅವರ ಜೊತೆ ಕೂತು ಒಂದು ವರ್ಷದಲ್ಲಿ ಡಿಗ್ರಿ ಮುಗಿಸಬಹುದಿತ್ತು. ಇಲ್ಲವಾದರೆ ಇನ್ನೊಂದು ವರ್ಷ ಕಾದು, ಹೊಸ ಸ್ಕೀಮ್‌ನ ಹುಡುಗರು ಮೂರನೇ ಸೆಮಿಸ್ಟರ್‌ಗೆ ಬಂದಾಗ ಅವರ ಜೊತೆ ಸೇರಬೇಕು, ಮೊದಲ ವರ್ಷದಲ್ಲಿ ಹೊಸದಾಗಿ ಬಂದಿರುವ ಪೇಪರನ್ನೂ ಬರೆಯಬೇಕು. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದೊಳಗೆ ಮುಗಿಸಬೇಕು ಅನ್ನುವ ನಿಯಮ ಬೇರೆ ಇದೆ. ಕಾದರೆ 2027ಕ್ಕೆ ಸರಿಯಾಗಿ ಗಡಿ ಮುಟ್ಟುತ್ತದೆ. ಆಮೇಲೆ ಒಂದು ಪೇಪರ್ ಹೋದರೂ ಕಷ್ಟ.

ಬ್ಯಾಚ್‌ಮೇಟ್‌ಗಳನ್ನು ಕೇಳಿದೆ. "ಹಳೇದರಲ್ಲೇ ಮುಗಿಸಿ ಕೈ ತೊಳ್ಕೋ, ನೋಟ್ಸ್ ನಾವು ಕೊಡ್ತೀವಿ, ಐದು ವರ್ಷದ ಪ್ರಶ್ನೆಪತ್ರಿಕೆ ಜೆರಾಕ್ಸ್ ಅಂಗಡೀಲಿ ಸಿಗುತ್ತೆ" ಅಂದರು. ನನಗೂ ಅದೇ ಸರಿ ಅನಿಸಿತ್ತು.

ಮನಸ್ಸು ಬದಲಾಗಿದ್ದು ಕಾರ್ಖಾನೆಯಲ್ಲಿ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು (ಲೇಬರ್ ಕೋಡ್) ಜಾರಿಗೆ ಬಂದವು. 29 ಕೇಂದ್ರ ಕಾನೂನುಗಳು ಈ ನಾಲ್ಕರೊಳಗೆ ಸೇರಿಹೋದವು. ಮಾರನೇ ವಾರ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಅದೇ ಮಾತು. ನಿಗದಿತ ಅವಧಿಗೆ ತೆಗೆದುಕೊಂಡ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಕೊಡಬೇಕಾ? ಸಂಬಳದಲ್ಲಿ ಭತ್ಯೆ ಅರ್ಧಕ್ಕಿಂತ ಜಾಸ್ತಿ ಇದ್ದರೆ ಪಿಎಫ್ ಲೆಕ್ಕ ಹೇಗೆ? ಆ ಸಂಜೆ ರೂಮಿಗೆ ಬಂದು ಹಳೇ ಸ್ಕೀಮ್‌ನ ಕಾರ್ಮಿಕ ಕಾನೂನು ಪೇಪರ್ ತೆಗೆದು ನೋಡಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ, 1926ರ ಕಾರ್ಮಿಕ ಸಂಘ ಕಾಯ್ದೆ, ಯೂನಿಟ್ ಯೂನಿಟ್ಟೂ ಅವೇ. ಹಳೇ ಕೇಸು ನಡೆಸೋರಿಗೆ ಅವು ಇನ್ನೂ ಬೇಕು, ಇಲ್ಲ ಅನ್ನಲ್ಲ. ಆದರೆ ನಾನು ಅದನ್ನು ಬಾಯಿಪಾಠ ಮಾಡಿ, 70 ಮಾರ್ಕ್ಸ್ ತಗೊಂಡು, ಸೋಮವಾರ ಆಫೀಸಿಗೆ ಹೋದರೆ ಅಲ್ಲಿ ಬೇರೆಯದೇ ಕಾನೂನು ಇರುತ್ತದೆ, ಅಲ್ವಾ?

ನಮ್ಮಂಥವರಿಗೆ ಇದರಲ್ಲಿ ಕೆಲಸದ ಪ್ರಶ್ನೆಯೂ ಇದೆ. ಎಂಎಸ್‌ಡಬ್ಲ್ಯು ಓದಿದವರು ಕಣ್ಣಿಡುವ ಹುದ್ದೆ ವೆಲ್‌ಫೇರ್ ಆಫೀಸರ್, ಅಂದರೆ ಕಾರ್ಖಾನೆಯಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡುವ ಅಧಿಕಾರಿ. ಹಳೇ ಕಾರ್ಖಾನೆ ಕಾಯ್ದೆಯ ಪ್ರಕಾರ 500 ಕಾರ್ಮಿಕರಿದ್ದರೆ ಆ ಹುದ್ದೆ ಕಡ್ಡಾಯ. ಹೊಸ ಸಂಹಿತೆಯಲ್ಲಿ 250 ಜನ ಇದ್ದರೂ ಸಾಕು. ಅದೇ ಸಂಹಿತೆಗಳಲ್ಲಿ ಲೇ-ಆಫ್‌ಗೆ (ಕೆಲಸವಿಲ್ಲ ಅಂತ ಕಾರ್ಮಿಕರನ್ನು ತಾತ್ಕಾಲಿಕವಾಗಿ ಕೂರಿಸುವುದಕ್ಕೆ) ಸರ್ಕಾರದ ಅನುಮತಿ ಬೇಕಾಗುವ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದೆ, ಅಂದರೆ ಸಣ್ಣ ಕಾರ್ಖಾನೆಯ ಕಾರ್ಮಿಕನಿಗೆ ಇದ್ದ ಒಂದು ರಕ್ಷಣೆ ಹೋಯಿತು. ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದ್ದನ್ನು ಕಂಡ ಊರು ದಾವಣಗೆರೆ. ಇಲ್ಲಿ ಕೂತು ಈ ಎರಡನ್ನೂ ಓದದೆ ಎಚ್‌ಆರ್ ಸ್ಪೆಷಲೈಸೇಷನ್ ಮಾಡಿದೆ ಅಂತ ಹೇಳಿಕೊಳ್ಳುವುದು ನನಗಂತೂ ಆಗಲ್ಲ. ಹೊಸ ಸಿಲಬಸ್‌ನಲ್ಲಿ ಸಂಹಿತೆಗಳಿವೆ. ಒಂದು ವರ್ಷ ಹೋದರೆ ಹೋಗಲಿ ಅಂತ ಹೊಸದಕ್ಕೇ ಅರ್ಜಿ ಕೊಟ್ಟೆ.

ಪೇಪರ್‌ಗಳ ಹೊಂದಾಣಿಕೆ ಅಷ್ಟೇನೂ ತಲೆನೋವಾಗಲಿಲ್ಲ. ಕೇಸ್‌ವರ್ಕ್ (ಒಬ್ಬೊಬ್ಬರ ಜೊತೆ ಕೆಲಸ), ಗ್ರೂಪ್‌ವರ್ಕ್ (ಗುಂಪಿನ ಜೊತೆ ಕೆಲಸ), ಸಮುದಾಯ ಸಂಘಟನೆ ಯಾವ ಸ್ಕೀಮ್ ಬಂದರೂ ಇರುತ್ತವೆ, ಹೆಸರು ಆಚೆಈಚೆ ಆಗುತ್ತದೆ ಅಷ್ಟೇ.

ನನಗೆ ತಲೆಬಿಸಿ ಇದ್ದಿದ್ದು ಫೀಲ್ಡ್‌ವರ್ಕ್ ಬಗ್ಗೆ. ಮೊದಲ ವರ್ಷ ನನ್ನನ್ನು ಹಾಕಿದ್ದು ಮಂಡಕ್ಕಿ ಭಟ್ಟಿ ಏರಿಯಾಗೆ. ವಾರಕ್ಕೆ ಎರಡು ದಿನ, ಒಟ್ಟು 15 ಗಂಟೆ. ದಾವಣಗೆರೆಯವರಿಗೆ ಗೊತ್ತು, ಊರಿಗೆ ಊರೇ ತಿನ್ನುವ ಮಂಡಕ್ಕಿ ಅಲ್ಲಿ ತಯಾರಾಗುತ್ತದೆ. ಬೆಳಕು ಹರಿಯುವ ಮುಂಚೆ ಒಲೆ ಹೊತ್ತುತ್ತದೆ, ಹೊಗೆ, ಕಾದ ಮರಳು, ಮನೆಮಂದಿಯೆಲ್ಲ ಕೆಲಸ. ಮೊದಲ ಕೆಲವು ವಾರ ನಮ್ಮನ್ನು ಯಾರೂ ವಿದ್ಯಾರ್ಥಿ ಅಂತ ನಂಬಲೇ ಇಲ್ಲ. ಕೊರಳಲ್ಲಿ ಐಡಿ ಕಾರ್ಡ್ ನೋಡಿದ್ದೇ ತಡ "ಗೃಹಲಕ್ಷ್ಮಿ ದುಡ್ಡು ಯಾವಾಗ ಬರ್ತದೆ?" ಅಂತ ಕೇಳೋರು. 2023ರ ಆಗಸ್ಟ್‌ನಲ್ಲಷ್ಟೇ ಆ ಯೋಜನೆ ಶುರುವಾಗಿತ್ತು. ನಾವು ಕೊನೆಗೆ ಅದನ್ನೇ ಹಿಡಿದುಕೊಂಡೆವು. ಆಧಾರ್ ಬ್ಯಾಂಕಿಗೆ ಲಿಂಕ್ ಆಗದವರನ್ನು, ರೇಷನ್ ಕಾರ್ಡಿನಲ್ಲಿ ಮಾವನ ಹೆಸರೇ ಯಜಮಾನ ಅಂತ ಉಳಿದುಕೊಂಡಿದ್ದವರನ್ನು ಕೂರಿಸಿಕೊಂಡು ಒಂದು ಗುಂಪು ಮಾಡಿದೆವು. ಗ್ರೂಪ್‌ವರ್ಕ್ ಅಂದರೇನು ಅಂತ ನನಗೆ ಅರ್ಥವಾಗಿದ್ದು ಅಲ್ಲಿ. ಪ್ರತಿ ವಾರ ಅದನ್ನೆಲ್ಲ ಕಥೆಯ ಹಾಗೆ ರಿಪೋರ್ಟ್ ಬರೆಯಬೇಕಿತ್ತು. ಯಾರು ಏನು ಅಂದರು, ನಾನು ಏನು ಅಂದೆ, ಯಾಕೆ ಹಾಗಂದೆ. ಅದನ್ನು ಹಿಡಿದುಕೊಂಡು ಇಂಡಿವಿಜುವಲ್ ಕಾನ್ಫರೆನ್ಸ್‌ಗೆ (ಮೇಷ್ಟ್ರ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವುದಕ್ಕೆ) ಹೋದರೆ ನಮ್ಮ ಫೀಲ್ಡ್‌ವರ್ಕ್ ನೋಡುತ್ತಿದ್ದ ಮೇಡಂ ಒಂದೊಂದು ಸಾಲಿಗೂ ನಿಲ್ಲಿಸೋರು.

ಹೊಸ ಸ್ಕೀಮ್‌ನಲ್ಲಿ ಗಂಟೆ ಲೆಕ್ಕದ ಲಾಗ್‌ಬುಕ್ ಬಂದಿದೆ. ಬಂದ ಸಮಯ, ಹೋದ ಸಮಯ, ಏಜೆನ್ಸಿ (ನಮ್ಮನ್ನು ಫೀಲ್ಡ್‌ವರ್ಕ್‌ಗೆ ಹಾಕುವ ಸಂಸ್ಥೆ) ಸೂಪರ್‌ವೈಸರ್ ಸಹಿ. ರಿಪೋರ್ಟಿಗೆ ಒಂದು ಪುಟದ ಫಾರ್ಮ್. ಇದು ನನಗೆ ಒಂಚೂರೂ ಇಷ್ಟವಾಗಲಿಲ್ಲ. ಹಾಜರಿ ಕದಿಯುವವರನ್ನು ಹಿಡಿಯಲು ಇದು ಒಳ್ಳೆಯದೇ, ಅಂಥವರು ನಮ್ಮ ಬ್ಯಾಚ್‌ನಲ್ಲೂ ಇದ್ದರು. ಆದರೆ ಒಂದು ಪುಟದಲ್ಲಿ ಭಟ್ಟಿಯ ಆ ಗುಂಪಿನಲ್ಲಿ ಹೆಂಗಸರು ಆಡಿದ ಜಗಳವೆಲ್ಲ ಹಿಡಿಯುತ್ತದಾ? ಇನ್ನು ಕ್ರೆಡಿಟ್ ಲೆಕ್ಕ. ಯುಜಿಸಿಯ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ನಿಯಮದಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಾಕ್ಟಿಕಲ್‌ಗೆ ಒಂದು ಕ್ರೆಡಿಟ್. ಹಾಗೆ ನೋಡಿದರೆ 15 ಗಂಟೆಗೆ 7 ದಾಟಬೇಕು. ನಮಗೆ ಅಷ್ಟು ಕೊಡಲ್ಲ. ಬಿಸಿಲಲ್ಲಿ ತಿರುಗೋದಕ್ಕಿಂತ ಫ್ಯಾನ್ ಕೆಳಗೆ ಕೂರೋದಕ್ಕೆ ಬೆಲೆ ಜಾಸ್ತಿ!

ನನ್ನ ಹಳೇ ಫೀಲ್ಡ್‌ವರ್ಕ್ ಮಾತ್ರ ಪೂರ್ತಿ ಒಪ್ಪಿದರು. ಹಳೇ ರಿಪೋರ್ಟ್‌ಗಳನ್ನು ಎಸೆಯದೆ ಇಟ್ಟುಕೊಂಡಿದ್ದು ಉಪಯೋಗಕ್ಕೆ ಬಂತು.

ಮಾರ್ಕ್ಸ್ ಬಗ್ಗೆ ಒಂದು ಮಾತು. ಮೊದಲ ವರ್ಷ ಅಂಕದಲ್ಲಿ, ಎರಡನೇ ವರ್ಷ ಗ್ರೇಡ್‌ನಲ್ಲಿ ಬಂದರೆ ಕೊನೆಗೆ ಶೇಕಡಾವಾರು ಎಷ್ಟು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ ಶೇ. 55, ಮೀಸಲು ವರ್ಗಗಳಿಗೆ ಶೇ. 50 ಬೇಕು. ಅಂಚಿನಲ್ಲಿರುವವರು ಪರಿವರ್ತನೆಯ ಸೂತ್ರವನ್ನು ಮೊದಲೇ ತಿಳಿದುಕೊಳ್ಳಿ, ಅದೂ ಲಿಖಿತದಲ್ಲಿ. ಹಾಗೆಯೇ ಯಾವ ಹಳೇ ಪೇಪರಿಗೆ ಯಾವ ಹೊಸ ಪೇಪರ್ ಸಮ ಅನ್ನುವ ಪಟ್ಟಿಯ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ನಂಬಬೇಡಿ, ಇವತ್ತು ಕೌಂಟರ್‌ನಲ್ಲಿ ಇರುವವರು ನಾಳೆ ಇರಲ್ಲ. ಹೊಸ ಸ್ಕೀಮ್‌ಗೆ ಹೋಗುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟ ಮೇಲೆ ವಾಪಸ್ ಹಳೇದಕ್ಕೆ ಹೋಗಲು ಬಿಡುವುದಿಲ್ಲ.

ಎಲ್ಲರೂ ನನ್ನ ಹಾಗೆ ಮಾಡಿ ಅಂತ ನಾನು ಹೇಳಲ್ಲ. ಕೊನೆಯ ಸೆಮಿಸ್ಟರ್‌ನ ಒಂದೋ ಎರಡೋ ಪೇಪರ್ ಉಳಿಸಿಕೊಂಡವರು, ಸ್ಪೆಷಲೈಸೇಷನ್ ಪೇಪರ್‌ಗಳನ್ನು ಆಗಲೇ ಪಾಸು ಮಾಡಿದವರು ಸುಮ್ನೆ ಹಳೇದರಲ್ಲೇ ಬರೆದು ಮುಗಿಸಿ. ಹಳೇ ಸ್ಕೀಮ್‌ನವರಿಗೆ ಕೊನೆಯ ಅವಕಾಶ ಯಾವ ಪರೀಕ್ಷೆ ಅನ್ನುವ ಸುತ್ತೋಲೆ ನೋಟಿಸ್ ಬೋರ್ಡಿನಲ್ಲಿ ಬರುತ್ತದೆ. ಫೀಸು ಕಟ್ಟುವ ಕೊನೆಯ ದಿನವೂ ಅದರಲ್ಲೇ ಇರುತ್ತದೆ, ನೋಡಿಕೊಳ್ಳಿ.